ಕಂಪ್ಯೂಟರಿಗೆ ಕಾಗುಣಿತ ಬರುವುದಿಲ್ಲ: ಕನ್ನಡ ಪಠ್ಯದಲ್ಲಿ ಅಕ್ಷರ, ಪದ ಎಣಿಸುವ ಬಗೆ

‘ಸ್ತ್ರೀ’ ಎಂಬಲ್ಲಿ ಎಷ್ಟು ಅಕ್ಷರಗಳಿವೆ? ಒಂದನೇ ತರಗತಿಯ ಮಗುವನ್ನು ಕೇಳಿದರೆ ಒಂದು. ಎಕ್ಸೆಲ್ ಅನ್ನು ಕೇಳಿದರೆ 6. ಅದನ್ನೇ ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸಿ ಫೈಲಿನ ಗಾತ್ರ ನೋಡಿದರೆ 18 ಬೈಟ್. ವ್ಯಾಕರಣ ಓದಿದವರು ಸ್, ತ್, ರ್, ಈ ಎಂದು ಬಿಡಿಸಿ 4 ವರ್ಣ ಅನ್ನುತ್ತಾರೆ. ನಾಲ್ವರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ, ಬೇರೆ ಬೇರೆ ವಸ್ತು ಎಣಿಸುತ್ತಿದ್ದಾರೆ ಅಷ್ಟೆ. ಕನ್ನಡದ ಅಂಕಿಅಂಶ ಸೂತ್ರ ತಪ್ಪಿ ಕೆಡುವುದು ಕಡಿಮೆ. ಏನನ್ನು ಎಣಿಸುತ್ತಿದ್ದೇವೆ ಎಂದು ಮೊದಲೇ ತೀರ್ಮಾನಿಸದೆ ಕೆಡುವುದೇ ಜಾಸ್ತಿ.

‘ಕನ್ನಡದಲ್ಲಿ ಅತಿ ಹೆಚ್ಚು ಬರುವ ಅಕ್ಷರ ಯಾವುದು’, ‘ಈ ಲೇಖಕರ ಪದಸಂಪತ್ತು ಎಷ್ಟು’, ‘ಕನ್ನಡ ಎಷ್ಟರ ಮಟ್ಟಿಗೆ ಊಹಿಸಬಹುದಾದ ಭಾಷೆ’ ಎಂಬಂಥ ಪ್ರಶ್ನೆಗಳನ್ನು ಇಟ್ಟುಕೊಂಡು ಸ್ವಂತವಾಗಿ ಎಣಿಕೆಗೆ ಇಳಿಯುವವರಿಗೆ ಈ ಕೈಪಿಡಿ. ಪ್ರೋಗ್ರಾಮಿಂಗ್ ಬಂದರೆ ಒಳ್ಳೆಯದು. ಬಾರದಿದ್ದರೂ ಅರ್ಧ ದಾರಿ ಎಕ್ಸೆಲ್‌ನಲ್ಲೇ ಸಾಗುತ್ತದೆ.

ನಾಲ್ಕು ಅಳತೆಗಳು

ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ (ಸಂಕೇತ) ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ: 3200ರಿಂದ 3327ರವರೆಗೆ. (ಯೂನಿಕೋಡ್ ಪಟ್ಟಿಗಳಲ್ಲಿ ಇವನ್ನು ಹದಿನಾರರ ಲೆಕ್ಕದಲ್ಲಿ ಬರೆದಿರುತ್ತಾರೆ. ಎಕ್ಸೆಲ್ ತೋರಿಸುವುದು ಹತ್ತರ ಲೆಕ್ಕದಲ್ಲಿ, ಇಲ್ಲಿಯೂ ಅದೇ ಇದೆ.) ಕ 3221, ರ 3248, ಅನುಸ್ವಾರದ ಸೊನ್ನೆ 3202, ವ್ಯಂಜನದ ಅಕಾರ ಕಳೆಯುವ ವಿರಾಮ ಚಿಹ್ನೆ ‘್’ 3277. ಕಂಪ್ಯೂಟರಿನ ಕಣ್ಣಿಗೆ ಬೀಳುವುದು ಈ ಸಂಕೇತಗಳು ಮಾತ್ರ. ಒತ್ತಕ್ಷರ ಎಂಬ ವಸ್ತು ಅದರ ಪ್ರಪಂಚದಲ್ಲಿ ಇಲ್ಲ. ವ್ಯಂಜನ, ವಿರಾಮ, ಇನ್ನೊಂದು ವ್ಯಂಜನ ಸಾಲಾಗಿ ನಿಂತಿದ್ದನ್ನು ಫಾಂಟು ಒತ್ತಾಗಿ ಚಿತ್ರಿಸುತ್ತದೆ.

‘ಮಾತು ಬೆಳ್ಳಿ ಮೌನ ಬಂಗಾರ’ ಎಂಬ ಗಾದೆಯನ್ನೇ ಬಿಚ್ಚಿ ನೋಡೋಣ. ಮಾತು 4 ಸಂಕೇತ, ಬೆಳ್ಳಿ 6, ಮೌನ 3, ಬಂಗಾರ 5. ಒಟ್ಟು 18, ನಡುವಿನ ಮೂರು ಖಾಲಿ ಜಾಗ ಸೇರಿದರೆ 21. ಸಂಕೇತಗಳನ್ನು ಕಡತದಲ್ಲಿ ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಖಾಲಿ ಜಾಗಕ್ಕೆ 1. ಅಲ್ಲಿಗೆ 57 ಬೈಟ್. ಕಣ್ಣಿಗೆ ಕಾಣುವ ಅಕ್ಷರ 9. ಪದ 4. ‘ಈ ಗಾದೆಯ ಉದ್ದ ಎಷ್ಟು’ ಎಂಬ ಪ್ರಶ್ನೆಗೆ 4, 9, 18, 21, 57 ಎಲ್ಲವೂ ಉತ್ತರಗಳೇ. ಲೇಖನದಲ್ಲಿ ‘ಅಕ್ಷರ’ ಎಂದು ಬರೆದು ಎಕ್ಸೆಲ್‌ನ 21 ಹಾಕಿದರೆ ಓದುಗರಿಗೆ ಎರಡು ಪಟ್ಟಿಗಿಂತ ಹೆಚ್ಚು ಹೇಳಿದಂತಾಯಿತು.

ಹೀಗೆ ಹಂಚಿಕೊಳ್ಳಿ. ಓದುವಿಕೆ, ಛಂದಸ್ಸು, ಪದಬಂಧದ ಲೆಕ್ಕಕ್ಕೆ ಅಕ್ಷರ. ಉಚ್ಚಾರಣೆಯ ಲೆಕ್ಕಕ್ಕೆ ವರ್ಣ. ಕೀಲಿಮಣೆ, ಎಸ್‌ಎಂಎಸ್ ಮಿತಿಯ ಲೆಕ್ಕಕ್ಕೆ ಸಂಕೇತ. ಸಂಗ್ರಹಣೆಗೆ ಮಾತ್ರ ಬೈಟ್. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ 160 ಹಿಡಿದರೆ ಕನ್ನಡ ಸಾಮಾನ್ಯವಾಗಿ 70 ಸಂಕೇತ ಮಾತ್ರ, ಅದರಲ್ಲಿ ‘ಸ್ತ್ರೀ’ ಒಂದೇ 6 ನುಂಗುತ್ತದೆ.

ಪಠ್ಯ ತೊಳೆಯುವುದು

ಇಡೀ ಕೆಲಸದ ಮುಕ್ಕಾಲು ಪಾಲು ಸಮಯ ಇಲ್ಲೇ ಹೋಗಬೇಕು. ಹೋಗದಿದ್ದರೆ ಏನೋ ಬಿಟ್ಟುಹೋಗಿದೆ ಎಂದೇ ಅರ್ಥ.

ಮೊದಲ ಪರೀಕ್ಷೆ: ಪಠ್ಯ ನಿಜವಾಗಿ ಯೂನಿಕೋಡ್ ಹೌದೋ ಅಲ್ಲವೋ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಒಳಗೆ ರೋಮನ್ ಲಿಪಿಯ ಸಂಕೇತಗಳಾಗಿಯೇ ಇರುತ್ತದೆ. ಫಾಂಟು ತೆಗೆದ ಕೂಡಲೇ ಯುರೋಪಿನ ಅಕ್ಷರಗಳ ಸಂತೆ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಅವುಗಳಲ್ಲಿ ಹಲವು ಅರ್ಕಾವತ್ತಿನ ಮುಂದೆ ಎಡವುತ್ತವೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಂಡ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ಒತ್ತುತ್ತಿದ್ದರು. ಯೂನಿಕೋಡ್‌ನಲ್ಲಿ ರ್ ಬರುವುದು ಉಚ್ಚಾರದ ಕ್ರಮದಲ್ಲಿ, ಅಕ್ಷರಕ್ಕೆ ಮುಂಚೆ. ಈ ಅದಲುಬದಲು ಮರೆತ ಪರಿವರ್ತಕ ‘ಕಾರ್ಯಕ್ರಮ’ವನ್ನು ‘ಕಾಯರ್ಕ್ರಮ’ ಮಾಡುತ್ತದೆ, ‘ವರ್ಷ’ವನ್ನು ‘ವಷರ್’, ‘ಅರ್ಥ’ವನ್ನು ‘ಅಥರ್’. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲೂ ಇದೇ ಕಾಯಿಲೆ.

ಕಡತ ಕೈಗೆ ಬಂದ ತಕ್ಷಣ ‘ವಷರ್’, ‘ಕಾಯರ್’, ‘ಅಥರ್’, ‘ಮಾಗರ್’ ಇವನ್ನು ಹುಡುಕಿ. ಒಂದು ಸಿಕ್ಕರೂ ಇಡೀ ಕಡತವನ್ನು ಅನುಮಾನಿಸಿ. ‘ಅಕ್ಷರದ ನಂತರ ರ್ ಇದ್ದರೆ ಹಿಂದಕ್ಕೆ ತಳ್ಳು’ ಎಂದು ಒಂದೇ ನಿಯಮದಲ್ಲಿ ಸರಿಪಡಿಸಲು ಹೋಗಬೇಡಿ: ಪೇಪರ್ ಹೋಗಿ ‘ಪೇರ್ಪ’ ಆಗುತ್ತದೆ, ಡಾಕ್ಟರ್ ‘ಡಾರ್ಕ್ಟ’ ಆಗುತ್ತಾರೆ. ಸಾಧ್ಯವಿದ್ದರೆ ಮೂಲ ಕಡತಕ್ಕೇ ಹೋಗಿ ಬೇರೆ ಪರಿವರ್ತಕ ಬಳಸಿ. ಇಲ್ಲವಾದರೆ ತಪ್ಪು ರೂಪ, ಸರಿ ರೂಪಗಳ ಪಟ್ಟಿ ಮಾಡಿಕೊಂಡು ಪದವಾರು ಬದಲಿಸಿ.

ಎರಡನೆಯದು ಮಾರುವೇಷದ ಅಂಕಿಗಳು. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಒತ್ತಿ ‘ಬೆ೦ಕಿ’ ಎಂದು ಬರೆದ ಪಠ್ಯ ಅಂತರ್ಜಾಲದಲ್ಲಿ ರಾಶಿ ಬಿದ್ದಿದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಂಕೇತದಲ್ಲಿ ಮಾತ್ರ ಒಂದು 3202, ಇನ್ನೊಂದು 3302, ಸರಿಯಾಗಿ ನೂರರ ಅಂತರ. ಹಾಗೆಯೇ ಅರ್ಕಾವತ್ತಿನ ಜಾಗದಲ್ಲಿ ಅಂಕಿ ಒಂಬತ್ತು ಕೂರಿಸಿದ ‘ಕನಾ೯ಟಕ’. ಸೊನ್ನೆಗೆ ನಿಯಮ ಸುಲಭ: 3302ರ ಹಿಂದಿನ ಸಂಕೇತ ಅಕ್ಷರವೋ ಸ್ವರಚಿಹ್ನೆಯೋ ಆಗಿದ್ದರೆ 3202 ಮಾಡಿ. ಹಿಂದೆ ಇನ್ನೊಂದು ಅಂಕಿ ಇದ್ದರೆ ಮುಟ್ಟಬೇಡಿ, ಅದು ೧೦, ೨೦ ಇರಬಹುದು. ಒಂಬತ್ತಿಗೆ (3311) ಇನ್ನೂ ಒಂದು ಹೆಜ್ಜೆ ಬೇಕು. ಅದನ್ನು ಅಳಿಸಿ, ಅದರ ಹಿಂದಿನ ಪೂರ್ತಿ ಅಕ್ಷರಕ್ಕೆ ಮುಂಚೆ ರ್ ಇಡಬೇಕು. ‘ಕನಾ೯ಟಕ’ದಲ್ಲಿ ಹಿಂದಿನ ಅಕ್ಷರ ‘ನಾ’. ಅದರ ಮುಂಚೆ ರ್ ಬಂದರೆ ಕರ್ನಾಟಕ ಸರಿಹೋಯಿತು. ಪದದ ನಡುವೆ ಅಂಕಿ ಒಂಬತ್ತು ಬೇರೆ ಕಾರಣಕ್ಕೆ ಬರುವುದು ತೀರ ಅಪರೂಪವಾದ್ದರಿಂದ ಇದನ್ನು ಧೈರ್ಯವಾಗಿ ಯಂತ್ರಕ್ಕೆ ಬಿಡಬಹುದು.

ಮೂರನೆಯದು, ನೆರೆಮನೆಯಿಂದ ಬಂದವರು. ತೆಲುಗಿನ ಮನೆಗಳು 3072ರಿಂದ 3199, ಕನ್ನಡಕ್ಕೆ ಸರಿಯಾಗಿ 128 ಹಿಂದೆ. ಕೆಲವು ತೆಲುಗು ಅಕ್ಷರಗಳು, ಮುಖ್ಯವಾಗಿ ಸೊನ್ನೆ, ಕನ್ನಡದ್ದರ ಹಾಗೆಯೇ ಕಾಣುತ್ತವೆ. ಕನ್ನಡ ಪದದ ನಡುವೆ ಈ ವ್ಯಾಪ್ತಿಯ ಸಂಕೇತ ಸಿಕ್ಕರೆ 128 ಕೂಡಿಸಿ. ಪೂರ್ಣವಿರಾಮದ ದಂಡ (2404, 2405) ಮಾತ್ರ ದೇವನಾಗರಿಯ ವ್ಯಾಪ್ತಿಯಲ್ಲಿದ್ದರೂ ಕಳ್ಳಮಾಲಲ್ಲ. ಅದು ಭಾರತದ ಹಲವು ಲಿಪಿಗಳಿಗೆ ಸಾಮಾನ್ಯ, ಕನ್ನಡಕ್ಕೆ ಬೇರೆ ದಂಡ ಕೊಟ್ಟಿಲ್ಲ.

ನಾಲ್ಕನೆಯದು, ಒಂದೇ ಅಕ್ಷರಕ್ಕೆ ಹಲವು ಬರವಣಿಗೆ. ‘ಕೋ’ ಎಂಬುದನ್ನು ಕ ಮತ್ತು 3275 ಎಂದು ಎರಡೇ ಸಂಕೇತದಲ್ಲಿ ಬರೆಯಬಹುದು. ಕ, 3274, 3285 ಎಂದು ಮೂರರಲ್ಲೂ ಬರೆಯಬಹುದು. ಕ, 3270, 3266, 3285 ಎಂದು ನಾಲ್ಕರಲ್ಲೂ ಬರೆಯಬಹುದು. ಪರದೆಯ ಮೇಲೆ ಮೂರೂ ಒಂದೇ. ಎಣಿಕೆಯಲ್ಲಿ ಮೂರು ಬೇರೆ ಪದಗಳು. ಇದಕ್ಕೆ ಔಷಧ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ (ಒಂದೇ ಅಕ್ಷರದ ಹಲವು ಬರವಣಿಗೆಗಳನ್ನು ಒಂದೇ ರೂಪಕ್ಕೆ ತರುವ ಕೆಲಸ). ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಮೇಲಿನ ಮೂರು ರಿಪೇರಿಗಳಾದ ಮೇಲೆಯೇ ಇದನ್ನು ಓಡಿಸಿ. ತೆಲುಗಿನ ಚಿಹ್ನೆ ನಡುವೆ ಕುಳಿತಿದ್ದರೆ ಎನ್‌ಎಫ್‌ಸಿ ಅದನ್ನು ಜೋಡಿಸುವುದಿಲ್ಲ.

ಕೊನೆಗೆ ಅದೃಶ್ಯ ಸಂಕೇತಗಳು. 8203, 65279, 173 ಇವನ್ನು ಕಂಡಲ್ಲಿ ಅಳಿಸಿ; 160 ಅನ್ನು ಸಾಮಾನ್ಯ ಖಾಲಿ ಜಾಗ ಮಾಡಿ. ಆದರೆ 8204 ಮತ್ತು 8205 ಮುಟ್ಟುವ ಮುಂಚೆ ಎರಡು ಸಲ ಯೋಚಿಸಿ. ‘ಸಾಫ್ಟ್‌ವೇರ್’ನಲ್ಲಿ ಟಕಾರಕ್ಕೆ ವಕಾರದ ಒತ್ತು ಅಂಟದಂತೆ ತಡೆದಿರುವುದು 8204. ಅದನ್ನು ಅಳಿಸಿದರೆ ಪದದ ರೂಪವೇ ಬದಲಾಗುತ್ತದೆ, ಅಕ್ಷರಗಳ ಸಂಖ್ಯೆಯೂ ಬದಲಾಗುತ್ತದೆ. ಇತ್ತ ಅದನ್ನು ಉಳಿಸಿಕೊಂಡರೆ, ಅದಿಲ್ಲದೆ ಟೈಪ್ ಮಾಡಿದ ಅದೇ ಪದ ಪಟ್ಟಿಯಲ್ಲಿ ಎರಡನೇ ಸಲ ಬಂದು ಕೂರುತ್ತದೆ. ಅಕ್ಷರ ಎಣಿಸುವಾಗ ಉಳಿಸಿ. ಪದ ಎಣಿಸುವಾಗ ಎರಡು ಕಾಲಂ ಇಡಿ: ಒಂದರಲ್ಲಿ ಪದ ಇದ್ದಂತೆ, ಇನ್ನೊಂದರಲ್ಲಿ ಇವೆರಡು ಸಂಕೇತ ಕಳೆದ ರೂಪ. ಗುಂಪು ಮಾಡುವುದು ಎರಡನೆಯದರಿಂದ, ತೋರಿಸುವುದು ಮೊದಲನೆಯದನ್ನು. 8205 ಹೆಚ್ಚಾಗಿ ಸಿಗುವುದು ‘ರ‍್ಯಾಂಕ್’ ತರಹದ ಪದಗಳಲ್ಲಿ. ಅದನ್ನು ಕೆಲವರು ವಿರಾಮಕ್ಕೆ ಮುಂಚೆ, ಕೆಲವರು ನಂತರ ಇಟ್ಟಿರುತ್ತಾರೆ. ಮುಂಚೆ ಇರುವುದು ಈಗಿನ ಕ್ರಮ, ಎಲ್ಲವನ್ನೂ ಹಾಗೇ ಮಾಡಿಕೊಳ್ಳಿ. ಎನ್‌ಎಫ್‌ಸಿ ಈ ಉಪಕಾರ ಮಾಡುವುದಿಲ್ಲ.

ಎಕ್ಸೆಲ್‌ನಲ್ಲಿ ಎಷ್ಟು ದೂರ

ಒಂದು ಸಾಲಿಗೆ ಒಂದು ಪ್ಯಾರಾ ಹಾಕಿ. ಒಂದು ಕೋಶ 32,767 ಸಂಕೇತಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಒಂದು ಸಂಕೇತ ಎಷ್ಟು ಸಲ ಬಂದಿದೆ ಎಂದು ತಿಳಿಯಲು: ಲೆನ್ ಫಂಕ್ಷನ್‌ನಿಂದ ಪೂರ್ತಿ ಉದ್ದ ತೆಗೆದು, ಸಬ್‌ಸ್ಟಿಟ್ಯೂಟ್‌ನಿಂದ ಆ ಸಂಕೇತವನ್ನು ಖಾಲಿ ಮಾಡಿದ ಮೇಲಿನ ಉದ್ದವನ್ನು ಅದರಿಂದ ಕಳೆಯಿರಿ. ಹುಡುಕುವುದು ‘ತ್ತ’ದಂಥ ಮೂರು ಸಂಕೇತದ ಸರಣಿಯಾದರೆ ಬಂದ ಉತ್ತರವನ್ನು 3ರಿಂದ ಭಾಗಿಸಿ. ಅನುಮಾನದ ಅಕ್ಷರ ಸಿಕ್ಕಾಗ ಮಿಡ್ ಫಂಕ್ಷನ್‌ನಿಂದ ಒಂದೊಂದೇ ಸಂಕೇತ ಬಿಡಿಸಿ ಯೂನಿಕೋಡ್ ಫಂಕ್ಷನ್‌ಗೆ ಕೊಟ್ಟರೆ ಅದರ ನಂಬರು ಹೇಳುತ್ತದೆ. ಮಾರುವೇಷದ ಸೊನ್ನೆ ಹಿಡಿಯಲು ಇಷ್ಟು ಸಾಕು. ಅಕ್ಷರ ಕತ್ತರಿಸುವುದಕ್ಕೆ ಮಾತ್ರ ಎಕ್ಸೆಲ್ ಸರಿಯಾದ ಕತ್ತರಿಯಲ್ಲ.

ಅಕ್ಷರ ಕತ್ತರಿಸುವ ನಿಯಮ

ಪೈಥಾನ್‌ಗೆ ಬಂದವರು ಮೊದಲು ಬೀಳುವ ಗುಂಡಿ: ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ನಮೂನೆ ಹುಡುಕುವ ಬಗೆ) ‘ಪದ’ ಎಂದು ಸೂಚಿಸುವ ಬ್ಯಾಕ್‌ಸ್ಲ್ಯಾಶ್-ಡಬ್ಲ್ಯೂ. ಪೈಥಾನ್ ಜೊತೆಗೇ ಬರುವ ಮಾಡ್ಯೂಲಿನಲ್ಲಿ ಅದು ಅಕ್ಷರಗಳನ್ನೂ ಅಂಕಿಗಳನ್ನೂ ಒಪ್ಪುತ್ತದೆ, ಸ್ವರಚಿಹ್ನೆ ಮತ್ತು ವಿರಾಮವನ್ನು ಒಪ್ಪುವುದಿಲ್ಲ. ‘ಕನ್ನಡ’ ಕೊಟ್ಟರೆ ‘ಕನ’ ಮತ್ತು ‘ನಡ’ ಎಂಬ ಎರಡು ಪದ ವಾಪಸು ಬರುತ್ತವೆ. ಎರಡೂ ಪದಗಳಂತೆಯೇ ಕಾಣುವುದರಿಂದ ಪಟ್ಟಿ ನೋಡಿದವರಿಗೆ ಅನುಮಾನವೂ ಬರುವುದಿಲ್ಲ. 3200–3327 ವ್ಯಾಪ್ತಿಯನ್ನೂ 8204, 8205 ಎರಡನ್ನೂ ನೀವೇ ಬರೆದು ಪದದ ನಮೂನೆ ಕಟ್ಟಿಕೊಳ್ಳಿ. ಅಂಕಿಗಳ ವ್ಯಾಪ್ತಿ 3302–3311 ಬೇಡವಾದರೆ ಹೊರಗಿಡಿ.

ಪದ ಕೈಗೆ ಬಂದ ಮೇಲೆ ಎಡದಿಂದ ಬಲಕ್ಕೆ ಹೀಗೆ ಸಾಗಿ. ಸ್ವತಂತ್ರ ಸ್ವರ (ಅ, ಆ, ಇ…) ಬಂದರೆ ಅದೇ ಒಂದು ಅಕ್ಷರ. ಹಿಂದೆಯೇ ಸೊನ್ನೆಯೋ ವಿಸರ್ಗವೋ ಇದ್ದರೆ ಅದನ್ನೂ ಸೇರಿಸಿ. ವ್ಯಂಜನ ಬಂದರೆ ಮುಂದೆ ಇಣುಕಿ. ಜ಼, ಫ಼ಗಳ ಕೆಳಗಿನ ಚುಕ್ಕಿ (3260) ಇದ್ದರೆ ಸೇರಿಸಿಕೊಳ್ಳಿ. ವಿರಾಮ ಇದ್ದು ಅದರ ಮುಂದೆ ಇನ್ನೊಂದು ವ್ಯಂಜನ ಇದ್ದರೆ ಎರಡನ್ನೂ ಸೇರಿಸಿ ಮತ್ತೆ ಇಣುಕಿ. ನಡುವಿನ 8205 ಲೆಕ್ಕಕ್ಕಿಲ್ಲ. ವಿರಾಮದ ಮುಂದೆ 8204 ಅಥವಾ ಪದದ ಕೊನೆ ಬಂದರೆ ಅಲ್ಲಿಗೆ ಕತ್ತರಿಸಿ. ವಿರಾಮವೇ ಇಲ್ಲದಿದ್ದರೆ ಒಂದು ಸ್ವರಚಿಹ್ನೆ, ಆಮೇಲೆ ಸೊನ್ನೆ ಅಥವಾ ವಿಸರ್ಗ, ಇದ್ದರೆ ಸೇರಿಸಿ ಕತ್ತರಿಸಿ.

ಕೊನೆಯ ಅರೆವ್ಯಂಜನವನ್ನು (‘ಬಸ್’ನ ಸ್) ಪ್ರತ್ಯೇಕ ಅಕ್ಷರ ಎಂದು ಹಿಡಿಯಬೇಕೋ ಬೇಡವೋ ಎಂಬುದು ನಿಮ್ಮ ಆಯ್ಕೆ. ಮುದ್ರಣಕ್ಕೆ ಪ್ರತ್ಯೇಕ, ಲಘು-ಗುರು ಹಾಕುವವರಿಗೆ ಅದು ಹಿಂದಿನ ಅಕ್ಷರಕ್ಕೆ ಸೇರಿ ಗುರು. ಯಾವುದಾದರೂ ಆಗಲಿ, ಒಂದನ್ನೇ ಹಿಡಿದು ಬರೆದಿಡಿ.

ಸಿದ್ಧ ಲೈಬ್ರರಿಗಳ ‘ಗ್ರಾಫೀಮ್ ಕ್ಲಸ್ಟರ್’ (ಒಂದೇ ಅಕ್ಷರವಾಗಿ ಕಾಣುವ ಸಂಕೇತಗಳ ಗುಂಪು) ಸೌಲಭ್ಯ ನಂಬಬಹುದೇ? ಕನ್ನಡದ ಒತ್ತಕ್ಷರವನ್ನು ಕೆಲವು ಇಡಿಯಾಗಿ ಕೊಡುತ್ತವೆ, ಹಲವು ವಿರಾಮದ ಬಳಿ ಸೀಳುತ್ತವೆ. ಆವೃತ್ತಿ ಬದಲಾದರೆ ಉತ್ತರವೂ ಬದಲಾಗಬಹುದು. ‘ಸ್ತ್ರೀ’ ಕೊಟ್ಟು ನೋಡಿ. ಒಂದು ಎಂದರೆ ಮುಂದುವರಿಯಿರಿ, ಮೂರು ಎಂದರೆ ಸ್ವಂತ ನಿಯಮವೇ ಗತಿ.

ಬರೆದ ಪ್ರೋಗ್ರಾಮಿಗೆ ಪರೀಕ್ಷೆ ಇಡಿ. ಅರೆವ್ಯಂಜನವನ್ನು ಪ್ರತ್ಯೇಕವಾಗಿ ಎಣಿಸಿದರೆ ಬರಬೇಕಾದ ಉತ್ತರಗಳು: ಕನ್ನಡ 3, ರಾಷ್ಟ್ರ 2, ವಿಶ್ವವಿದ್ಯಾಲಯ 6, ದುಃಖ 2, ಬಸ್ 2, ಸಾಫ್ಟ್‌ವೇರ್ 4. ಇನ್ನೊಂದು ಮೋಜಿನ ಪರೀಕ್ಷೆ ‘ವಿಕಟಕವಿ’. ಅಕ್ಷರವಾರು ತಿರುಗಿಸಿದರೆ ಅದೇ ಪದ. ಸಂಕೇತವಾರು ತಿರುಗಿಸಿದರೆ ಮೊದಲಿಗೇ ಒಂದು ಅನಾಥ ಗುಡಿಸು ಬಂದು ನಿಲ್ಲುತ್ತದೆ, ವಿಕಟಕವಿ ಗತಪ್ರತ್ಯಾಗತವೇ ಅಲ್ಲ ಎಂದು ಕಂಪ್ಯೂಟರು ತೀರ್ಪು ಕೊಡುತ್ತದೆ. ‘ಕನಕ’ ಕೊಟ್ಟು ಪಾಸಾಯಿತೆಂದು ಖುಷಿಪಡಬೇಡಿ, ಅದರಲ್ಲಿ ಸ್ವರಚಿಹ್ನೆಯೇ ಇಲ್ಲ. ‘ನವಜೀವನ’ ಕೊಡಿ.

ಇಡೀ ಪಠ್ಯಕ್ಕೆ ಒಂದು ತಾಳೆ ಲೆಕ್ಕವೂ ಇದೆ. ವ್ಯಂಜನಗಳ ಸಂಖ್ಯೆಯಿಂದ ವಿರಾಮಗಳನ್ನು ಕಳೆದು ಸ್ವತಂತ್ರ ಸ್ವರಗಳನ್ನು ಕೂಡಿಸಿದರೆ ಸ್ವರಗಳ ಒಟ್ಟು ಸಂಖ್ಯೆ. ಅದಕ್ಕೆ ಅರೆವ್ಯಂಜನದಲ್ಲಿ ಮುಗಿದ ತುಂಡುಗಳನ್ನು ಕೂಡಿಸಿದರೆ ಅಕ್ಷರಗಳ ಸಂಖ್ಯೆ. ಗಾದೆಯಲ್ಲಿ ವ್ಯಂಜನ 10, ವಿರಾಮ 1, ಅಕ್ಷರ 9. ಸಾಫ್ಟ್‌ವೇರ್‌ನಲ್ಲಿ 5ರಲ್ಲಿ 3 ಹೋಗಿ 2, ಜೊತೆಗೆ ‘ಫ್ಟ್’ ಮತ್ತು ‘ರ್’ ಸೇರಿ 4. ಲಕ್ಷ ಅಕ್ಷರದ ಕಡತದಲ್ಲೂ ಇದು ಒಂದೇ ಒಂದು ಹೆಚ್ಚುಕಡಿಮೆಯಾಗದೆ ತಾಳೆಯಾಗಬೇಕು. ಆಗದಿದ್ದರೆ ಎಲ್ಲೋ ಎರಡು ಸ್ವರಚಿಹ್ನೆ ಒಟ್ಟಿಗೆ ಕುಳಿತಿವೆ ಅಥವಾ ವಿರಾಮವೊಂದು ವ್ಯಂಜನವಿಲ್ಲದೆ ನಿಂತಿದೆ. ಮತ್ತೆ ತೊಳೆಯಲು ಹೋಗಿ.

ಅಕಾರ ಎಲ್ಲಿ ಹೋಯಿತು, ಙ ಎಲ್ಲಿ ಅಡಗಿದೆ

ಸಂಕೇತಗಳನ್ನು ಎಣಿಸಿ ‘ಕನ್ನಡದಲ್ಲಿ ಅ ಅಪರೂಪ’ ಎಂದು ಬರೆದರೆ ಕಿವಿ ಇರುವ ಯಾರೂ ಒಪ್ಪುವುದಿಲ್ಲ. ವ್ಯಂಜನದೊಳಗಿನ ಅಕಾರಕ್ಕೆ ಚಿಹ್ನೆಯೇ ಇಲ್ಲದ್ದರಿಂದ ಸಂಕೇತದ ಪಟ್ಟಿಯಲ್ಲಿ ಅ ಕಾಣುವುದು ಪದದ ಆರಂಭದಲ್ಲಿ ಮಾತ್ರ. ವರ್ಣ ಎಣಿಸುವವರು ಸ್ವರಚಿಹ್ನೆಯೂ ವಿರಾಮವೂ ಇಲ್ಲದ ಪ್ರತಿ ವ್ಯಂಜನಕ್ಕೆ ಒಂದು ಅ ಕೂಡಿಸಬೇಕು. ಗಾದೆಯಲ್ಲಿ ಸ್ವತಂತ್ರ ‘ಅ’ ಒಂದೂ ಇಲ್ಲ. ನ, ಬಂ, ರ ಮೂರರೊಳಗೆ ಅಡಗಿದ್ದನ್ನು ಹೊರತೆಗೆದರೆ ಅದರ 9 ಸ್ವರಗಳಲ್ಲಿ 3 ಅಕಾರವೇ. ಅಂದಹಾಗೆ ‘ಾ’ ಮತ್ತು ‘ಆ’ ಎರಡೂ ಒಂದೇ ಸ್ವರ, ಬೇರೆ ಬೇರೆ ಸಾಲಿನಲ್ಲಿ ಬಿಡಬೇಡಿ.

ಅನುಸ್ವಾರದ್ದು ಇದಕ್ಕಿಂತ ಸ್ವಾರಸ್ಯ. ಅಂಕ, ಮಂಚ, ಗಂಟೆ, ಸಂತೆ, ಕಂಬ: ಬರೆಯುವುದು ಒಂದೇ ಸೊನ್ನೆ, ಉಚ್ಚರಿಸುವುದು ಕ್ರಮವಾಗಿ ಙ್, ಞ್, ಣ್, ನ್, ಮ್. ಧ್ವನಿ ಎಣಿಸುವುದಾದರೆ ಮುಂದಿನ ವರ್ಗೀಯ ವ್ಯಂಜನ ನೋಡಿ ಸೊನ್ನೆಯನ್ನು ಅದೇ ವರ್ಗದ ಅನುನಾಸಿಕ ಮಾಡಿ. ಮುಂದೆ ಯ, ರ, ಲ, ವ, ಶ, ಷ, ಸ, ಹ ಇದ್ದರೆ (ಸಂಶಯ, ಸಂಸಾರ) ಸೊನ್ನೆಯಾಗಿಯೇ ಬಿಡಿ. ಇದನ್ನು ಮಾಡಿದೊಡನೆ ಪಟ್ಟಿಯಲ್ಲೊಂದು ಕ್ರಾಂತಿಯಾಗುತ್ತದೆ. ಬರಹದಲ್ಲಿ ವರ್ಣಮಾಲೆಯ ಚಾರ್ಟು ಮತ್ತು ‘ವಾಙ್ಮಯ’ ಬಿಟ್ಟರೆ ಕೆಲಸವೇ ಇಲ್ಲದ ಙ, ಮಾತಿನಲ್ಲಿ ದಿನವಿಡೀ ದುಡಿಯುತ್ತಿರುವುದು ಬಯಲಾಗುತ್ತದೆ. ಞ ಬರಹದಲ್ಲೂ ಅಷ್ಟು ಬಡಪಾಯಿಯಲ್ಲ. ಜ್ಞಾನ, ವಿಜ್ಞಾನ, ಆಜ್ಞೆಗಳ ಒತ್ತಿನಲ್ಲಿ ಅದೇ ಇದೆ.

ಪದಗಳ ಲೆಕ್ಕ

ಒಟ್ಟು ಪದಗಳಲ್ಲಿ ಬೇರೆ ಬೇರೆ ಪದಗಳು ಎಷ್ಟು ಎಂಬ ಅನುಪಾತವನ್ನು ‘ಪದಸಂಪತ್ತು’ ಎಂದು ಹೊಗಳುವ ಅಭ್ಯಾಸ ಇದೆ. ಪಠ್ಯ ಉದ್ದವಾದಷ್ಟೂ ಹಳೆಯ ಪದಗಳೇ ಮರಳಿ ಬರುವುದರಿಂದ ಈ ಅನುಪಾತ ತಾನಾಗಿಯೇ ಇಳಿಯುತ್ತದೆ. 300 ಪದದ ಕವನ ಬರೆದವರು 80,000 ಪದದ ಕಾದಂಬರಿಕಾರರನ್ನು ಪ್ರತಿ ಸಲವೂ ಸೋಲಿಸುತ್ತಾರೆ. ಹೋಲಿಸಲೇಬೇಕಾದರೆ 500 ಪದಗಳ ಕಿಟಕಿ ಇಟ್ಟು, ಒಂದೊಂದೇ ಪದ ಮುಂದೆ ಸರಿಸುತ್ತ, ಪ್ರತಿ ಕಿಟಕಿಯ ಅನುಪಾತದ ಸರಾಸರಿ ತೆಗೆಯಿರಿ.

ಕನ್ನಡವನ್ನು ಇಂಗ್ಲಿಷಿನ ಜೊತೆ ಈ ಅಳತೆಯಲ್ಲಿ ನಿಲ್ಲಿಸಿ ಬೀಗುವುದಂತೂ ಮೋಸ. ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು, ಮನೆಗಳಲ್ಲೇ: ಪ್ರತ್ಯಯ ಪದಕ್ಕೇ ಅಂಟುವ ನಮ್ಮಲ್ಲಿ ಒಂದು ಮನೆ ಹತ್ತಾರು ಸಾಲು ಆಕ್ರಮಿಸುತ್ತದೆ. ಪ್ರತ್ಯಯ ಕತ್ತರಿಸಿದರಾಯಿತಲ್ಲ ಎನ್ನುವವರು ‘ಗೆ’ಯಿಂದ ಶುರು ಮಾಡಿ ನೋಡಲಿ. ‘ಮನೆಗೆ’ ಹೋಗಿ ಮನೆ ಸಿಗುತ್ತದೆ, ಸರಿ. ಬೆನ್ನಲ್ಲೇ ‘ಹೊಲಿಗೆ’ ‘ಹೊಲಿ’ ಆಗುತ್ತದೆ, ‘ಹೊಗೆ’ ‘ಹೊ’ ಆಗುತ್ತದೆ, ‘ಮಲ್ಲಿಗೆ’ ಮಲ್ಲಿ ಎಂಬಾಕೆಗೆ ಏನನ್ನೋ ಕೊಟ್ಟಂತಾಗುತ್ತದೆ. ಕತ್ತರಿಸಿ ಉಳಿದ ತುಂಡು ಅದೇ ಪಠ್ಯದಲ್ಲಿ ಬೇರೆ ಕನಿಷ್ಠ ಎರಡು ಪ್ರತ್ಯಯಗಳ ಜೊತೆಗೂ ಬಂದಿದ್ದರೆ ಮಾತ್ರ ಕತ್ತರಿ ಹಾಕಿ. ಹಾನಿ ಬಹಳ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಹೋಗಬೇಕು–ಹೋಗ ಬೇಕು ತರಹದ ಬಿಡಿ-ಕೂಡು ಬರಹವನ್ನೂ ಎಣಿಕೆಗೆ ಮುಂಚೆ ಒಂದು ಕಡೆಗೆ ತನ್ನಿ.

ಪದಗಳನ್ನು ಬಳಕೆಯ ಇಳಿಕೆ ಕ್ರಮದಲ್ಲಿ ಜೋಡಿಸಿ ಸ್ಥಾನ ಮತ್ತು ಎಣಿಕೆ ಎರಡನ್ನೂ ಲಾಗರಿದಮ್ ಅಕ್ಷಗಳಲ್ಲಿ ಗುರುತಿಸಿದರೆ ಹೆಚ್ಚುಕಡಿಮೆ ಸರಳರೇಖೆ ಕಾಣುತ್ತದೆ. ಇದು ಜಾರ್ಜ್ ಜಿಪ್ಫ್ ಹೆಸರಿನ ನಿಯಮ: ಮೊದಲ ಸ್ಥಾನದ ಪದ 6,000 ಸಲ ಬಂದರೆ ಹತ್ತನೆಯದು ಸುಮಾರು 600 ಸಲ, ನೂರನೆಯದು 60 ಸಲ. ರೇಖೆ ಕಂಡ ಖುಷಿಯಲ್ಲಿ ಭಾಷೆಯ ಗೂಢ ರಹಸ್ಯ ಸಿಕ್ಕಿತೆಂದು ಬರೆಯುವ ಮುಂಚೆ ಒಂದು ವಿಷಯ ನೆನಪಿರಲಿ. ಖಾಲಿ ಜಾಗವೂ ಇರುವ ಕೀಲಿಮಣೆಯನ್ನು ಕೋತಿ ಮನಬಂದಂತೆ ಕುಟ್ಟಿದರೂ ಇದೇ ಬಗೆಯ ರೇಖೆ ಬರುತ್ತದೆಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1957ರಲ್ಲೇ ತೋರಿಸಿದ್ದಾರೆ. ರೇಖೆಯ ಓರೆ ಅಳೆಯುವಾಗ ಒಂದೆರಡು ಸಲ ಮಾತ್ರ ಬಂದ ಪದಗಳ ಬಾಲವನ್ನು ಬಿಟ್ಟುಬಿಡಿ. ಅಲ್ಲಿ ಸಾವಿರಾರು ಪದಗಳು ಒಂದೇ ಎಣಿಕೆಯಲ್ಲಿ ಮೆಟ್ಟಿಲಾಗಿ ನಿಂತು ರೇಖೆಯನ್ನು ತಮ್ಮ ಕಡೆಗೆ ಎಳೆಯುತ್ತವೆ.

ಎಷ್ಟು ಪಠ್ಯ ಸಾಕು

10,000 ಅಕ್ಷರಗಳಲ್ಲಿ ಒಂದು ಅಕ್ಷರ ಶೇ. 5 ಬಂದರೆ ಅದರ ನಿಜವಾದ ಪ್ರಮಾಣಕ್ಕೆ ಪಠ್ಯಪುಸ್ತಕದ ಸೂತ್ರ, ಶೇ. 95ರ ಭರವಸೆಯಲ್ಲಿ, ಶೇ. 4.6ರಿಂದ 5.4ರ ವ್ಯಾಪ್ತಿ ಕೊಡುತ್ತದೆ. ಅಕ್ಷರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಉದುರಿದ್ದರೆ ಮಾತ್ರ ಅದು ಸರಿ. ಕ್ರಿಕೆಟ್ ಲೇಖನವೊಂದು ಸೇರಿದರೆ ‘ಕ್ರಿ’ ಒಮ್ಮೆಲೇ ಜಿಗಿಯುತ್ತದೆ. ಆದ್ದರಿಂದ ಏಕಮಾನ ಅಕ್ಷರವಲ್ಲ, ಲೇಖನ. ನಿಮ್ಮಲ್ಲಿ 200 ಲೇಖನಗಳಿದ್ದರೆ, ಎತ್ತಿದ್ದನ್ನು ಮತ್ತೆ ಒಳಗೆ ಹಾಕುತ್ತ 200 ಚೀಟಿ ಎತ್ತಿ ಶೇಕಡಾವಾರು ಲೆಕ್ಕ ಹಾಕಿ. ಇದನ್ನು 1,000 ಸಲ ಮಾಡಿಸಿ. ಬಂದ ಉತ್ತರಗಳನ್ನು ಏರಿಕೆಯಲ್ಲಿ ಜೋಡಿಸಿ ಎರಡು ತುದಿಯಿಂದ 25–25 ಬಿಟ್ಟು ಉಳಿದದ್ದೇ ನಿಮ್ಮ ವ್ಯಾಪ್ತಿ. ಪಠ್ಯಪುಸ್ತಕದ ವ್ಯಾಪ್ತಿಗಿಂತ ಇದು ಅಗಲವಾಗಿ ಬಂದರೆ ಗಾಬರಿ ಬೇಡ, ಬರಬೇಕಾದದ್ದೇ ಹಾಗೆ.

ಒಮ್ಮೆಯೂ ಬಾರದ ಅಕ್ಷರಕ್ಕೆ ‘ಮೂರರ ನಿಯಮ’ ಸಾಕು. 30,000 ಅಕ್ಷರಗಳಲ್ಲಿ ಙ ಕಾಣದಿದ್ದರೆ, ಅದರ ಪ್ರಮಾಣ 30,000ಕ್ಕೆ 3, ಅಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಶೇ. 95ರ ಭರವಸೆಯಲ್ಲಿ ಹೇಳಬಹುದು. ‘ಇಲ್ಲವೇ ಇಲ್ಲ’ ಎಂದು ಹೇಳುವ ಹಾಗಿಲ್ಲ.

ಊಹೆಯ ಆಟ

ಒಂದು ಅಕ್ಷರ ನೋಡಿ ಮುಂದಿನದು ಸ್ವರವೋ ವ್ಯಂಜನವೋ ಎಂದು ಎಷ್ಟು ಊಹಿಸಬಹುದು ಎಂದು ನೋಡಲು ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್ 1913ರಲ್ಲಿ ಕವಿ ಪುಷ್ಕಿನ್ನನ ಕಾವ್ಯದಿಂದ 20,000 ಅಕ್ಷರಗಳನ್ನು ಕೈಯಲ್ಲೇ ಎಣಿಸಿದ. ಸ್ವರಗಳು 8,638, ಸ್ವರದ ಬೆನ್ನಿಗೆ ಸ್ವರ ಬಂದದ್ದು 1,104 ಸಲ. ಇದನ್ನೇ ಕನ್ನಡಕ್ಕೆ ಮಾಡುವುದಾದರೆ ಮೊದಲು ವರ್ಣಗಳಾಗಿ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅಕಾರ ಮತ್ತೆ ಕೈತಪ್ಪುತ್ತದೆ. ಸರಿಯಾಗಿ ಬಿಡಿಸಿದರೆ ಪದದೊಳಗೆ ಸ್ವರದ ಬೆನ್ನಿಗೆ ಸ್ವರ ಬಹುತೇಕ ಸೊನ್ನೆಯಾಗಬೇಕು. ಯಕಾರ, ವಕಾರ ಆಗಮಸಂಧಿಗಳು ಇರುವುದೇ ಆ ಜಾಗ ತುಂಬಲು. ಸೊನ್ನೆ ಬಾರದಿದ್ದರೆ ಸಿಕ್ಕ ಜೋಡಿಗಳನ್ನು ತೆರೆದು ನೋಡಿ, ಐಎಎಸ್, ಎಐ ತರಹದ ಹ್ರಸ್ವರೂಪಗಳೇ ತುಂಬಿರುತ್ತವೆ. ಖಾಲಿ ಜಾಗ ತೆಗೆದು ಎಣಿಸಿದರೆ ಮಾತ್ರ ಸಂಖ್ಯೆ ಏರುತ್ತದೆ, ಏಕೆಂದರೆ ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ.

ಕಡತವನ್ನು ಜಿಪ್ ಮಾಡಿ, ಎಷ್ಟು ಕುಗ್ಗಿತು ನೋಡಿ, ಭಾಷೆಯ ಪುನರುಕ್ತಿ ಅಳೆಯುವುದು ಅಗ್ಗದ ಉಪಾಯ. ಕನ್ನಡದಲ್ಲಿ ಅದು ಬಹಳ ಚೆನ್ನಾಗಿ ಕುಗ್ಗುತ್ತದೆ, ಆದರೆ ಕಾರಣ ಕನ್ನಡ ಅಲ್ಲ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತದ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಜಿಪ್ ಹಿಂಡಿ ತೆಗೆಯುವುದು ಈ ಹೊಟ್ಟನ್ನು. ನ್ಯಾಯವಾಗಿ ಅಳೆಯಲು ಪ್ರತಿ ಕನ್ನಡ ಸಂಕೇತದಿಂದ 3072 ಕಳೆಯಿರಿ. 128ರಿಂದ 255ರೊಳಗೆ ಬಂದು ಒಂದೇ ಬೈಟಿನಲ್ಲಿ ಕೂರುತ್ತದೆ, ಖಾಲಿ ಜಾಗ, ಅಲ್ಪವಿರಾಮಗಳು ತಮ್ಮ ಹಳೆಯ ಜಾಗದಲ್ಲೇ ಉಳಿಯುತ್ತವೆ. ಈಗ ಜಿಪ್ ಮಾಡಿ. ಇನ್ನೊಂದು ಲಾಭ: ಜಿಪ್ ಹಿಂದಿರುಗಿ ನೋಡುವುದು 32,768 ಬೈಟ್ ಮಾತ್ರ. ಮೂರು ಬೈಟಿನ ಬರಹದಲ್ಲಿ ಅದು ಸುಮಾರು 11,000 ಸಂಕೇತಕ್ಕೇ ಮುಗಿಯುತ್ತಿತ್ತು.

ಎಐ ಮಾದರಿಗಳ ಟೋಕನ್ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ತುಂಡು) ಲೆಕ್ಕಕ್ಕೂ ಇದೇ ಎಚ್ಚರಿಕೆ. ಬೈಟ್ ಆಧಾರದ ಟೋಕನೈಸರ್ ಕನ್ನಡವನ್ನು ಹೆಚ್ಚು ಕಂಡಿರದಿದ್ದರೆ ‘ಸ್ತ್ರೀ’ಗೆ 18 ಟೋಕನ್‌ವರೆಗೂ ಹೋಗಬಹುದು. ‘ಪದಕ್ಕೆ ಎಷ್ಟು ಟೋಕನ್’ ಎಂದು ಹೋಲಿಸಿದರೆ ಉದ್ದ ಪದಗಳ ಕನ್ನಡಕ್ಕೆ ಅನ್ಯಾಯ. ಒಂದೇ ವಿಷಯದ ಎರಡು ಭಾಷೆಯ ಪಠ್ಯ ಇಟ್ಟುಕೊಂಡು ಒಟ್ಟು ಟೋಕನ್ ಹೋಲಿಸಿ.

ಇಷ್ಟೆಲ್ಲ ಎಣಿಸಿದ ಮೇಲೆ ಸುಳ್ಳುಪದ ಹುಟ್ಟಿಸುವ ಯಂತ್ರ ಕಟ್ಟದೆ ಇರುವುದು ಕಷ್ಟ. ಯಾವ ಅಕ್ಷರದ ನಂತರ ಯಾವುದು ಎಷ್ಟು ಸಲ ಬಂದಿದೆ ಎಂಬ ಕೋಷ್ಟಕ ಮಾಡಿ. ಪದದ ಆರಂಭ, ಅಂತ್ಯಕ್ಕೂ ಒಂದೊಂದು ಗುರುತು ಇಡಿ. ಆರಂಭದಿಂದ ಹೊರಟು ಆ ಪ್ರಮಾಣದಲ್ಲೇ ಮುಂದಿನದನ್ನು ಚೀಟಿ ಎತ್ತಿ ಆರಿಸುತ್ತ ಹೋಗಿ. ಹಿಂದಿನ ಒಂದೇ ಅಕ್ಷರ ನೋಡಿದರೆ ತೊದಲು, ಎರಡು ನೋಡಿದರೆ ನಿಘಂಟಿನಲ್ಲಿ ಹುಡುಕಬೇಕೆನಿಸುವ ಪದಗಳು, ಮೂರು ನೋಡಿದರೆ ಸಣ್ಣ ಪಠ್ಯದಲ್ಲಿ ಇದ್ದ ಪದಗಳೇ ವಾಪಸು. ಅಕ್ಷರದ ಬದಲು ಸಂಕೇತ ಬಳಸಿದರೆ ಎರಡಂತಸ್ತು, ಮೂರಂತಸ್ತು, ನಾಲ್ಕಂತಸ್ತಿನ ಒತ್ತಕ್ಷರಗಳು ಏಳುತ್ತವೆ. ವಿರಾಮ ಬಂದಾಗ ಒಂದು ವ್ಯಂಜನ ಬೇಕೆಂದು ಯಂತ್ರಕ್ಕೆ ಗೊತ್ತು, ಆಗಲೇ ಎರಡು ಒತ್ತು ಹಾಕಿಯಾಗಿದೆ ಎಂಬುದು ಮರೆತಿರುತ್ತದೆ. ಹುಟ್ಟಿದ ಪದಗಳಲ್ಲಿ ಚುಕ್ಕಿಗಳ ವೃತ್ತದ ಮೇಲೆ ಸ್ವರಚಿಹ್ನೆ ಒಂಟಿಯಾಗಿ ಕುಳಿತಿದ್ದು ಕಂಡರೆ ಯಂತ್ರವನ್ನು ಬೈಯಬೇಡಿ. ಮೂಲದಲ್ಲಿ ನೋಡದ ಜೋಡಿಯನ್ನು ಅದು ಹುಟ್ಟಿಸಲಾರದು. ಕೊಳೆ ಪಠ್ಯದಲ್ಲೇ ಉಳಿದಿದೆ.